ಜೆ.ಸಿ. ರಸ್ತೆಯ ಪ್ರಯೋಗಶಾಲೆ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟವರಿಗೆ ಜಯಚಾಮರಾಜೇಂದ್ರ ರಸ್ತೆ ಎರಡು ಮುಖ ತೋರಿಸುತ್ತದೆ. ಆರಂಭದಲ್ಲಿ ರವೀಂದ್ರ ಕಲಾಕ್ಷೇತ್ರ. ಅಲ್ಲಿ ನಾಟಕ, ಸಂಗೀತ, ಸನ್ಮಾನ. ಅದನ್ನು ದಾಟಿದಿರೋ, ಕಬ್ಬಿಣ ಮತ್ತು ರಬ್ಬರಿನ ರಾಜ್ಯ ಶುರು. ಅಂಗಡಿಗಳ ಮುಂದೆ ಹೂವಿನ ಹಾರಗಳಂತೆ ಫ್ಯಾನ್ ಬೆಲ್ಟುಗಳು ತೂಗುತ್ತವೆ. ಒಳಗೆ ಬೇರಿಂಗು, ಕ್ಲಚ್ ಪ್ಲೇಟು, ಹೆಡ್‌ಲೈಟು, ಸೀಟ್ ಕವರು. ಅಪ್ಪ ಅಮ್ಮನನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ ಎಂಬ ಮಾತನ್ನು ಕಾರಿನ ಮಟ್ಟಿಗೆ ಈ ಜೆ.ಸಿ. ರೋಡಿಗೆ ಧಾರಾಳವಾಗಿ ಅನ್ವಯಿಸಬಹುದು.

ಆದರೆ ಈ ರಸ್ತೆಯ ನಿಜವಾದ ಸ್ವಾರಸ್ಯ ಇರುವುದು ಬಲಗಡೆ ಕಲಾಸಿಪಾಳ್ಯದತ್ತ ಇಳಿಯುವ ಗಲ್ಲಿಗಳಲ್ಲಿ. ಜಾಕಿನ ಮೇಲೆ ನಿಂತ ಕಾರು, ಅದರಡಿಯಿಂದ ಹೊರಚಾಚಿದ ಎರಡು ಕಾಲು, 'ಹತ್ತು-ಹನ್ನೊಂದು ಕೊಡೋ' ಎಂಬ ಕೂಗು. ಅದು ಲೆಕ್ಕದ ಪಾಠವಲ್ಲ. ಒಂದು ತುದಿ 10, ಇನ್ನೊಂದು ತುದಿ 11 ಮಿಲಿಮೀಟರ್ ಇರುವ ಸ್ಪ್ಯಾನರಿನ ಹೆಸರು.

ಮೂರು ದಶಕ ಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಈ ಗಲ್ಲಿಗಳು ಪ್ರಯೋಗಶಾಲೆಯಂತೆ ಕಾಣುತ್ತವೆ. ಬ್ರೇಕ್ ಪೆಡಲ್ ಒತ್ತಿದರೆ ನಾಲ್ಕೂ ಚಕ್ರ ಹಿಡಿಯುವುದು ಪ್ಯಾಸ್ಕಲನ ನಿಯಮ. ಬ್ಯಾಟರಿಯ ಆಮ್ಲದ ಸಾಪೇಕ್ಷ ಸಾಂದ್ರತೆ 1.25ಕ್ಕಿಂತ ಮೇಲಿದ್ದರೆ ಚಾರ್ಜು ಚೆನ್ನಾಗಿದೆ ಎಂದು ಹೈಡ್ರೋಮೀಟರು ಹೇಳುತ್ತದೆ. ಹಳೆಯ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಯಾವ ಬೇರಿಂಗು ನರಳುತ್ತಿದೆ ಎಂದು ಹೇಳಿಬಿಡುತ್ತಾರೆ. ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುತ್ತದೆಂಬ ಪಾಠವನ್ನು ಅವರು ಓದಿರಲಿಕ್ಕಿಲ್ಲ. ಆದರೆ ಬಳಸುತ್ತಾರೆ.

ಈ ವಿದ್ಯೆ ಬೆಳೆದದ್ದು ಅಂಬಾಸಿಡರ್, ಫಿಯೆಟ್ ಕಾಲದಲ್ಲಿ. ಅವುಗಳ ಸ್ಪಾರ್ಕ್ ಪ್ಲಗ್ಗಿಗೂ ಬೆಂಗಳೂರಿಗೂ ಹಳೆಯ ನಂಟು. 1950ರ ದಶಕದಲ್ಲೇ ಆಡುಗೋಡಿಯ ಮೈಕೋ ಕಾರ್ಖಾನೆ ಅವನ್ನು ತಯಾರಿಸುತ್ತಿತ್ತು. ಡಿಸೆಂಬರ್ 1983ರಲ್ಲಿ ಮಾರುತಿ 800 ಬಂತು. ಅದರಲ್ಲೂ ಮೊದಲಿಗೆ ಇದ್ದದ್ದು ಕಾರ್ಬೊರೇಟರೇ. ಬಿಚ್ಚಬಹುದು, ಪೆಟ್ರೋಲಿನಲ್ಲಿ ತೊಳೆಯಬಹುದು, ಜೆಟ್ಟನ್ನು ಊದಿ ನೋಡಬಹುದು. ರೋಗ ಕಣ್ಣಿಗೆ ಕಾಣುತ್ತಿತ್ತು.

ಮುಂದೆ ಹೊಗೆಯ ನಿಯಮಗಳು ಬಿಗಿಯಾದವು. ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಟರು, ಸೆನ್ಸರು, ಅವನ್ನು ಆಳುವ ಪುಟ್ಟ ಕಂಪ್ಯೂಟರು ಬಂದವು. ಏಪ್ರಿಲ್ 1, 2020ರಿಂದ ದೇಶದಾದ್ಯಂತ ಬಿಎಸ್-6 ಜಾರಿಯಾದ ಮೇಲಂತೂ ಸ್ಕ್ಯಾನರ್ ಇಲ್ಲದ ಗ್ಯಾರೇಜು ಸ್ಟೆತೊಸ್ಕೋಪ್ ಇಲ್ಲದ ದವಾಖಾನೆಯಂತಾಗಿದೆ. ಹಾಗಾದರೆ ಗಲ್ಲಿಯ ಮೇಸ್ತ್ರಿಯ ಕಥೆ ಮುಗಿಯಿತೇ?

ಕಳೆದ ಬಾರಿ ಹೋದಾಗ ಕಂಡದ್ದನ್ನು ಹೇಳುತ್ತೇನೆ. ಒಂದು ಕಾರಿನಲ್ಲಿ ಎಂಜಿನ್ ದೀಪ ಉರಿಯುತ್ತಿತ್ತು, ನಿಂತಲ್ಲೇ ನಡುಗುತ್ತಿತ್ತು. ಐಟಿಐ ಮುಗಿಸಿ ಬಂದ ಹುಡುಗ ಸ್ಕ್ಯಾನರ್ ಜೋಡಿಸಿದ. ಪಿ 0171 ಎಂದು ಬಂತು. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು ಎಂದು ಅದರ ಅರ್ಥ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು; ಆ ತಕ್ಕಡಿ ತಪ್ಪಿತ್ತು. 'ಆಕ್ಸಿಜನ್ ಸೆನ್ಸರ್ ಹೋಗಿರಬೇಕು, ಹೊಸದು ಹಾಕಿಬಿಡೋಣ' ಎಂದ ಹುಡುಗ.

'ತಾಳಪ್ಪಾ, ಚಾಡಿ ಹೇಳಿದವನನ್ನೇ ಹೊಡೀತೀಯಾ?' ಎಂದು ಮೇಸ್ತ್ರಿ ಬಾನೆಟ್ಟಿನೊಳಗೆ ಬಾಗಿದರು. ಒಂದೊಂದೇ ರಬ್ಬರ್ ಪೈಪನ್ನು ಬೆರಳಲ್ಲಿ ಹಿಸುಕುತ್ತ ಬಂದರು. ಒಂದನ್ನು ಹಿಸುಕಿದಾಗ ಎಂಜಿನ್ನಿನ ನಡುಕ ನಿಂತಿತು. ಪೈಪಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅಳತೆಗೆ ಸಿಗದ ಗಾಳಿ ಅಲ್ಲಿಂದ ಕಳ್ಳನಂತೆ ಒಳನುಗ್ಗುತ್ತಿತ್ತು. ಸೆನ್ಸರು ನಿಜವನ್ನೇ ಹೇಳಿತ್ತು. ಸಾವಿರಾರು ರೂಪಾಯಿಯ ಕೆಲಸ ಒಂದು ತುಂಡು ಪೈಪಿನಲ್ಲಿ ಮುಗಿಯಿತು.

'ಸಾರ್, ಇವನಿಗೆ ಇಂಗ್ಲಿಷ್ ಬರುತ್ತೆ, ನನಗೆ ಗಾಡಿ ಬರುತ್ತೆ. ಇಬ್ಬರೂ ಸೇರಿದರೆ ಒಬ್ಬ ಮೆಕ್ಯಾನಿಕ್' ಎಂದು ನಕ್ಕರು ಮೇಸ್ತ್ರಿ. ತಮಾಷೆಯ ಮಾತಾದರೂ ತೂಕದ್ದು. ಯಂತ್ರ ಕೊಡುವುದು ಸುಳಿವು ಮಾತ್ರ. ಸುಳಿವಿನಿಂದ ಕಾರಣಕ್ಕೆ ನಡೆಯುವುದು ಮನುಷ್ಯನ ತರ್ಕ. ನಾವು ತರಗತಿಯಲ್ಲಿ ವಿಜ್ಞಾನದ ವಿಧಾನ ಎಂದು ಬರೆಸುವುದು ಇದನ್ನೇ ಅಲ್ಲವೆ?

ಈಗ ವಿದ್ಯುತ್ ಕಾರುಗಳು ಬರುತ್ತಿವೆ. ಇಲ್ಲಿ ಮುಟ್ಟಿ ನೋಡಿ ಕಲಿಯುವ ಪದ್ಧತಿ ನಡೆಯದು. ಹಳೆಯ 12 ವೋಲ್ಟಿನ ಬ್ಯಾಟರಿಗೆ ಬರಿಗೈ ತಾಗಿದರೆ ಶಾಕ್ ಹೊಡೆಯದು. ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಹರಿಯುವ ಮುನ್ನೂರು, ನಾನೂರು ವೋಲ್ಟು ಜೀವವನ್ನೇ ತೆಗೆದೀತು. ವಿದ್ಯುತ್ ನಿರೋಧಕ ಕೈಗವಸು, ಸಂಪರ್ಕ ಕಡಿದು ಕಾಯುವ ಶಿಸ್ತು, ಮೀಟರಿನಲ್ಲಿ ಅಳೆದೇ ಮುಟ್ಟುವ ಅಭ್ಯಾಸ, ಇವನ್ನು ಯಾರಾದರೂ ಕಲಿಸಲೇಬೇಕು.

ದೊಡ್ಡ ಕಂಪನಿಗಳು ತಮ್ಮ ಕೆಲಸಗಾರರಿಗೆ ತರಬೇತಿ ಕೊಟ್ಟುಕೊಳ್ಳುತ್ತವೆ. ಬಿಡದಿಯಲ್ಲಿ ಟೊಯೋಟಾ 2007ರಲ್ಲೇ ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. ಆದರೆ ಮೂವತ್ತು ವರ್ಷ ಕಾರಿನಡಿ ಮಲಗಿದ ಮೇಸ್ತ್ರಿಗೆ, ಅವನಿಗೆ ತಿಳಿಯುವ ಕನ್ನಡದಲ್ಲಿ, ಅವನ ದಿನದ ಸಂಪಾದನೆ ಕೆಡದಂತೆ ಸಂಜೆ ಹೊತ್ತು ಪಾಠ ಹೇಳುವವರು ಬೇಕಾಗಿದ್ದಾರೆ. ಐಟಿಐಗಳು ಮನಸ್ಸು ಮಾಡಿದರೆ ಇದೇನೂ ಅಸಾಧ್ಯವಲ್ಲ. ಮೇಸ್ತ್ರಿಯೂ ಬರಿಗೈಯಲ್ಲಿ ಬರುವುದಿಲ್ಲ. ಕಿವಿ, ಬೆರಳು, ತಾಳ್ಮೆ ಮೂರನ್ನೂ ತರುತ್ತಾನೆ. ಅಲ್ಲಿನ ಹುಡುಗರು ಅವನಿಂದ ಕಲಿಯುವುದೂ ಸಾಕಷ್ಟಿದೆ.