ಅಕ್ಕಿಗೆ ಬೆರೆಸಿದ ಕಾಳು, ಹೊಲ ಬಿಟ್ಟ ಕಾಳು

ಗೋಪಿನಾಥಂ ಅಂದರೆ ಹೊರಗಿನವರಿಗೆ ನೆನಪಾಗುವುದು ವೀರಪ್ಪನ್ ಒಬ್ಬನೇ. ಅಲ್ಲಿಂದ ಯಾವ ಸುದ್ದಿ ಕಳಿಸಿದರೂ ಡೆಸ್ಕ್‌ನವರು ಮೊದಲು ಕೇಳುವುದು ಅದನ್ನೇ. ಈ ಸಲ ನಾನು ಬರೆಯುತ್ತಿರುವುದು ರೇಷನ್ ಅಕ್ಕಿಯ ವಿಷಯ.

ಅಲ್ಲಿನ ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಮೊರದ ತುಂಬ ಅಕ್ಕಿ ಹರಡಿಕೊಂಡು, ಬಣ್ಣ ಬೇರೆಯಿದ್ದ ಕಾಳುಗಳನ್ನು ಆರಿಸಿ ಕೋಳಿಗಳಿಗೆ ಎಸೆಯುತ್ತಿದ್ದರು. "ಪ್ಲಾಸ್ಟಿಕ್ ಅಕ್ಕಿ ಕಣಪ್ಪ, ಪೇಪರ್‌ಗೆ ಹಾಕು" ಅಂದರು. ಅದು ಪ್ಲಾಸ್ಟಿಕ್ ಅಲ್ಲ. ನಿಮ್ಮ ಮನೆಯಲ್ಲೂ ಆರಿಸಿ ಬಿಸಾಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ, ಸುಮಾರು ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಸರ್ಕಾರದ ಎಲ್ಲ ಯೋಜನೆಗಳಲ್ಲೂ 2024ರೊಳಗೆ ಇದೇ ಅಕ್ಕಿ ಕೊಡುತ್ತೇವೆ ಎಂದು ಪ್ರಧಾನಿ 2021ರ ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಹೇಳಿದ್ದರು.

ಇಷ್ಟನ್ನೂ ಅಜ್ಜಿಗೆ ಬಿಡಿಸಿ ಹೇಳಿದೆ. "ನಾವು ಮೊದ್ಲು ಉಣ್ತಿದ್ದುದ್ರಲ್ಲಿ ಇವೆಲ್ಲ ಇರ್ನಿಲ್ವಾ?" ಅಂತ ಕೇಳಿದರು.

ಬಹುಪಾಲು ಇತ್ತು. ಬಿ12 ಮಾತ್ರ ಸೊಪ್ಪು, ಕಾಳಿನಲ್ಲಿ ಸಿಗುವುದಿಲ್ಲ, ಅದಕ್ಕೆ ಹಾಲು, ಮೊಟ್ಟೆ, ಮಾಂಸ ಬೇಕು. ಉಳಿದದ್ದು ಅಕ್ಕಡಿ ಸಾಲಿನಲ್ಲಿತ್ತು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಬದುವಿನ ಕಡೆ ನಾಲ್ಕು ಸಾಲು ಜೋಳ, ಹಿಂಗಾರಿಗೆ ಹುರುಳಿ. ಕಳೆ ಕೀಳುವಾಗ ಮಡಿಲು ತುಂಬ ಅಣ್ಣೆ ಸೊಪ್ಪು, ಗುರುಗು ಸೊಪ್ಪು. ಸಂಜೆಗೆ ಅದೇ ಉಪ್ಪೆಸರು. ಗೋಪಿನಾಥಂನ ತಮಿಳು ಮನೆಗಳಲ್ಲಿ ಅದನ್ನು ಕಳಿ ಅಂತಾರೆ, ನಮ್ಮಲ್ಲಿ ಹಿಟ್ಟು ಅಂತೀವಿ, ರಾಗಿ ಒಂದೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಇರುವುದು 10ರ ಆಸುಪಾಸು.

ಈಗ ಹನೂರು ಕಡೆ ಎಷ್ಟೋ ಹೊಲಗಳಲ್ಲಿ ಮುಸುಕಿನ ಜೋಳ ಮಾತ್ರ ನಿಂತಿರುತ್ತದೆ. ಅದು ಹೆಚ್ಚಾಗಿ ಹೋಗುವುದು ಕೋಳಿ ಫಾರಂಗಳ ಮೇವಿಗೆ. ರೈತರನ್ನು ದೂರಬೇಡಿ. ಅದರ ಕಳೆನಾಶಕ ಹೊಡೆದರೆ ಅವರೆಯೂ ಸಾಯುತ್ತದೆ, ಅಣ್ಣೆ ಸೊಪ್ಪೂ ಸಾಯುತ್ತದೆ. ಕೈಯಲ್ಲಿ ಕಳೆ ತೆಗೆಸಲು ಆಳು ಸಿಗುವುದಿಲ್ಲ. ಕಟಾವು ಯಂತ್ರಕ್ಕೆ ಬೆರಕೆ ಬೆಳೆ ಆಗಿಬರುವುದಿಲ್ಲ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಲ್ಲುತ್ತದೆ, ಅಷ್ಟು ದಿನವೂ ಆನೆ, ಹಂದಿ ಕಾಯಬೇಕು. ಕಾಡಂಚಿನಲ್ಲಿ ಅಟ್ಟಣೆ ಮೇಲೆ ಒಂದು ರಾತ್ರಿ ಕಳೆದವರಿಗೆ ಗೊತ್ತು, ಒಂದು ವಾರ ಹೆಚ್ಚು ಕಾಯುವುದು ಅಂದರೆ ಏನು ಅಂತ.

ಇಲ್ಲಿ ಸರ್ಕಾರದ ನೀತಿ ಆಸರೆಯಾಗಬೇಕಿತ್ತು. 2007ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಮಿಷನ್ ಶುರುವಾದಾಗ ಅದರಲ್ಲಿ ಇದ್ದದ್ದು ಅಕ್ಕಿ, ಗೋಧಿ, ಬೇಳೆಕಾಳು. ರಾಗಿಯಂಥವನ್ನು "ಪೌಷ್ಟಿಕ ಧಾನ್ಯ" ಎಂದು ಕೇಂದ್ರ ಕರೆದದ್ದು 2018ರಲ್ಲಿ. 2023 ಸಿರಿಧಾನ್ಯ ವರ್ಷವಾಯಿತು, ಮೇಳಗಳಾದವು, ಸಿಟಿಯಲ್ಲಿ ರಾಗಿ ಬಿಸ್ಕತ್ತು ಬಂತು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಒಳ್ಳೆಯದೇ. ಆದರೆ ಬೆಂಬಲ ಬೆಲೆಯ ಪಟ್ಟಿಯಲ್ಲಿ ಅವರೆ ಇಲ್ಲ, ಹುರುಳಿಯೂ ಇಲ್ಲ. ರಾಗಿಯ ಜೊತೆ ಬೆಳೆದು, ರಾಗಿಯ ಜೊತೆ ಉಣ್ಣುವ ಕಾಳುಗಳೇ ಲೆಕ್ಕಕ್ಕಿಲ್ಲ.

ಬೆಲೆ ಏರಿದ್ದಕ್ಕೆ ಇನ್ನೊಂದು ಮುಖವೂ ಇದೆ. ನನಗೆ ಪರಿಚಯದ ಒಂದು ಮನೆಯವರು ಬೆಳೆದ ರಾಗಿಯನ್ನೆಲ್ಲ ಖರೀದಿ ಕೇಂದ್ರಕ್ಕೆ ಕೊಟ್ಟು, ರೇಷನ್ ಅಕ್ಕಿ ಉಣ್ಣುತ್ತಾರೆ. ದುಡ್ಡು ಬೇಕು, ಮಗಳ ಕಾಲೇಜು ಫೀಸು ಕಟ್ಟಬೇಕು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಕಂಡಿದೆ. ಇದಕ್ಕೆ ಮಿಲ್ಲಿನಲ್ಲಿ ಕಬ್ಬಿಣ ಬೆರೆಸುವುದೂ ಒಂದು ದಾರಿ ಇರಬಹುದು. ಅದರ ಜೊತೆಗೆ ಎಕರೆಗೆ ಎಷ್ಟು ಕ್ವಿಂಟಲ್ ಬಂತು ಅಂತ ಬರೆದುಕೊಳ್ಳುವ ಇಲಾಖೆ, ಎಕರೆಗೆ ಎಷ್ಟು ಬಗೆಯ ಊಟ ಬಂತು ಅಂತಲೂ ಬರೆದುಕೊಳ್ಳಲಿ. ಅಕ್ಕಡಿ ಹಾಕಿದವರಿಗೆ ಎಕರೆಗೆ ಇಷ್ಟು ಅಂತ ಸಹಾಯಧನ ಕೊಡಲಿ. ಸೋಲಾರ್ ಬೇಲಿ ಬರಲಿ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯ ಬಿಸಿಯೂಟ ಇದೆಯಲ್ಲ, ಅದರ ಕಾಳನ್ನು ಸುತ್ತಲಿನ ಹೊಲಗಳಿಂದಲೇ, ಮೊದಲೇ ಬೆಲೆ ಗೊತ್ತುಮಾಡಿ ಕೊಂಡರೆ ಹುರುಳಿ ಬೆಳೆದವರು ದಲ್ಲಾಳಿ ಹೇಳಿದ ರೇಟಿಗೆ ಕೈಯೊಡ್ಡಬೇಕಿಲ್ಲ.

ಮುಂಗಾರಿಗೆ ಮುಂಚಿನ ಗ್ರಾಮಸಭೆಗೆ ಕೃಷಿ ಇಲಾಖೆಯವರು ಬಂದಾಗ, ರಿಯಾಯಿತಿ ಬೀಜದ ಪಟ್ಟಿಯಲ್ಲಿ ಅವರೆ, ಹುರುಳಿ ಎಷ್ಟು ಕೆಜಿ ಇದೆ ಅಂತ ಕೇಳಬೇಕೆಂದಿದ್ದೇನೆ. ನಿಮ್ಮೂರಲ್ಲಿ ನೀವೂ ಕೇಳಿ, ಏನಂದರು ಅಂತ ನನಗೆ ತಿಳಿಸಿ.