ಏಸ್ ತಾಸಿನ ಹಾದಿ?

ನವಲಗುಂದದ ಕಡೆ ಊರು ಎಷ್ಟು ದೂರ ಅಂತ ಕೇಳಿದರೆ ಉತ್ತರ ತಾಸಿನಲ್ಲೇ ಬರುತ್ತದೆ. ಹುಬ್ಬಳ್ಳಿಗೆ ಒಂದು ತಾಸು, ಬೆಂಗಳೂರಿಗೆ ಒಂದು ರಾತ್ರಿ. ಮಳೆಗಾಲದಾಗ ಬೆಣ್ಣಿಹಳ್ಳ ತುಂಬಿ ಬಂತೆಂದರೆ ಈ ಲೆಕ್ಕವೂ ಕೆಟ್ಟಿತು. ಹಾಗಾಗಿ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ ಅಂದಾಗಲೂ ಕಟ್ಟೆಯ ಮೇಲೆ ಕೂತವರು ಕೇಳುವುದು ಅದನ್ನೇ: "ಏಸ್ ತಾಸಿನ ಹಾದಿ?"

2021ರ ಜನವರಿಯಲ್ಲಿ ಈ ಪ್ರಶ್ನೆಗೆ ನೆಟ್ಟಗೊಂದು ಉತ್ತರ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಎಲ್ಲೂ ನಿಲ್ಲದೆ, ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ತಾಸಿಗೆ ಬೆಂಗಳೂರಿಗೆ ಬಂದಿಳಿಯಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಾರ್ತಿಯರು, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಆ ಸುದ್ದಿ ಓದಿ ನನಗಾದ ಹಿಗ್ಗು ಇನ್ನೂ ಆರಿಲ್ಲ.

ಅಮೆರಿಕಕ್ಕೆ ಹೋಗುವವರು ಧ್ರುವದ ಕಡೆ ಯಾಕೆ ಹೋಗಬೇಕು? ಗೋಡೆಯ ನಕಾಶೆ ನೋಡಿದರೆ ತಿಳಿಯುವುದಿಲ್ಲ. ಶಾಲೆಯ ಗ್ಲೋಬ್ ತಗೊಂಡು ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ತುದಿ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಬಡಗಣಕ್ಕೆ ಜಾರುತ್ತದೆ. ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾದ ಮೇಲೆ ಇಳಿಯುತ್ತದೆ. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಿಗಿವೆ, ಅದಕ್ಕೇ ಹೀಗೆ. ಹತ್ತಿರದ ಹಾದಿಯೇ ಸುಮಾರು 14,000 ಕಿಲೋಮೀಟರ್. ಇನ್ನಷ್ಟು ಮೇಲೇರಿ ಧ್ರುವವನ್ನೇ ದಾಟಿದರೂ ಕೆಲವು ನೂರು ಕಿಲೋಮೀಟರ್ ಸುತ್ತು, ಅಷ್ಟೇ. ಮೇಲುಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುವುದರಿಂದ ಆ ಗಾಳಿ ಹಿಡಿದು ಹೋದರೆ ತಾಸು ಉಳಿಯುತ್ತವೆ, ಎದುರಾದರೆ ಕಳೆಯುತ್ತವೆ.

ಆದರೆ ನಮ್ಮ ಕಡೆಯ ತಂದೆತಾಯಿಗಳಿಗೆ ನೇರ ವಿಮಾನ ದೊಡ್ಡದೆನಿಸಿದ್ದು ತಾಸಿನ ಉಳಿತಾಯಕ್ಕಲ್ಲ. ಬಾಣಂತನಕ್ಕೆ ಹೊರಟ ಅವ್ವನಿಗೆ ಆಕಾಶದ ಅಂಜಿಕೆ ಇರುವುದಿಲ್ಲ. ಅಂಜಿಕೆ ಇರುವುದು ದುಬೈ, ಫ್ರಾಂಕ್‌ಫರ್ಟ್‌ಗಳಲ್ಲಿ ವಿಮಾನ ಬದಲಿಸುವಾಗ. ಕನ್ನಡ ಬಿಟ್ಟು ಬೇರೆ ಮಾತು ಬಾರದವಳು ಗೇಟ್ ನಂಬರ್ ಯಾರನ್ನು ಕೇಳಬೇಕು? ಕೈಚೀಲದ ಒಳಜೇಬಿನಲ್ಲಿ ಮಗ ಇಂಗ್ಲಿಷ್‌ನಲ್ಲಿ ಬರೆದುಕೊಟ್ಟ ಚೀಟಿ: "ಇವರು ನನ್ನ ತಾಯಿ, ದಯವಿಟ್ಟು ಮುಂದಿನ ವಿಮಾನ ತೋರಿಸಿ." ಅದರ ಕೆಳಗೆ ಫೋನ್ ನಂಬರ್. ಮುಟ್ಟಿ ಮುಟ್ಟಿ ಮಡಿಕೆಯಲ್ಲಿ ಶಾಯಿ ಹರಡಿರುತ್ತದೆ. ಎರೆ ಹೊಲದಾಗ ದಿನವಿಡೀ ಹತ್ತಿ ಬಿಡಿಸಬಲ್ಲ ಗಟ್ಟಿ ಕಾಲಿನವಳಿಗೂ ಮಕ್ಕಳು ಗಾಲಿಕುರ್ಚಿ ಬುಕ್ ಮಾಡುತ್ತಾರೆ, ತಳ್ಳಿಕೊಂಡು ಹೋಗುವವರು ಸರಿಯಾದ ಗೇಟಿಗೆ ಮುಟ್ಟಿಸಲಿ ಅಂತ. ಇದನ್ನು ಮೋಸ ಅನ್ನುವವರೂ ಇದ್ದಾರೆ, ನಾನು ಅನ್ನಲಾರೆ.

ಟಿಕೆಟ್ ತೆಗೆಸುವ ಮೊದಲು ಮಕ್ಕಳು ವಾಟ್ಸಾಪ್ ಗುಂಪುಗಳಲ್ಲಿ ಅದೇ ದಿನ, ಅದೇ ವಿಮಾನಕ್ಕೆ ಕನ್ನಡದವರು ಯಾರಾದರೂ ಇದ್ದಾರೇನು ಎಂದು ಹುಡುಕುತ್ತಾರೆ. ಗದಗಿನವರೋ ಮಂಡ್ಯದವರೋ ಒಬ್ಬರು ಸಿಕ್ಕರೆ ಸಾಕು, ಮಧ್ಯೆ ಒಂದು ನಿಲುಗಡೆ ಇದ್ದರೂ, ಐದಾರು ತಾಸು ಹೆಚ್ಚಾದರೂ ಅವ್ವ ಹೊರಡಲು ಒಪ್ಪುತ್ತಾಳೆ.