ಕಂಪ್ಯೂಟರಿಗೂ ಒಂದು ನಿವೃತ್ತಿ ವಯಸ್ಸು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಅಂದೇ ಯಂತ್ರಗಳೇನೂ ಕಣ್ಣುಮುಚ್ಚಲಿಲ್ಲ. ಹೊಸ ದೋಷವೊಂದು ಸಿಕ್ಕರೆ ತೇಪೆ ಹಾಕುವವರು ಇನ್ನಿಲ್ಲ, ಅಷ್ಟೆ. ಬೇಕಾದವರು ಹೆಸರು ನೋಂದಾಯಿಸಿ ಒಂದು ವರ್ಷದ ಭದ್ರತಾ ಅಪ್‌ಡೇಟ್ ಪಡೆಯಬಹುದು ಎಂದೂ ಹೇಳಿತು. ಆಮೇಲೇನು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಅಪ್ಪನ ಲ್ಯಾಪ್‌ಟಾಪಿನದು. 2016ರಲ್ಲಿ ಕೊಂಡದ್ದು. ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ಪಿಂಚಣಿ ಜಮೆಯಾಯಿತೇ ಎಂದು ಬ್ಯಾಂಕ್ ಖಾತೆ ನೋಡುವುದು, ಊರಿನ ನೆನಪುಗಳನ್ನು ‘ನುಡಿ’ಯಲ್ಲಿ ಟೈಪು ಮಾಡುವುದು, ಇವೆರಡೇ ಅದರ ಕೆಲಸ.

ವಿಂಡೋಸ್ 11 ಕೇಳುವುದು ನೋಡಲು ಹೆಚ್ಚೇನಲ್ಲ: 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0. ಈ ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಕಾಪಿಡುವ ತಿಜೋರಿ. ‘ಪಿಸಿ ಹೆಲ್ತ್ ಚೆಕ್’ ಎಂಬ ತಂತ್ರಾಂಶ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತದೆ. ಟಿಪಿಎಂ ಇಲ್ಲ ಎಂದು ಅದು ಹೇಳಿದ ಕೂಡಲೇ ಕೈಚೆಲ್ಲಬೇಕಿಲ್ಲ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ. ಬಯೋಸ್ ಒಳಗೆ ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಅಡಗಿರುತ್ತದೆ. ನಮ್ಮದರಲ್ಲೂ ಹಾಗೇ ಇತ್ತು. ಆನ್ ಮಾಡಿದೆ, ಹಸಿರು ಗುರುತು ಬಂತು.

ಕೊನೆಗೆ ಸಿಕ್ಕಿಬಿದ್ದದ್ದು ಪ್ರೊಸೆಸರಿನಲ್ಲಿ. ಅದರ ಹೆಸರು ಐ5-6200ಯು. ಅಡ್ಡಗೆರೆಯ ನಂತರದ 6 ಎಂದರೆ ಆರನೇ ತಲೆಮಾರು. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇಂಟೆಲ್‌ಗೆ ಪ್ರವೇಶ ಎಂಟನೇ ತಲೆಮಾರಿನಿಂದ. ಏಳನೆಯದರಲ್ಲಿ ಬೆರಳೆಣಿಕೆಯವಕ್ಕೆ ವಿನಾಯಿತಿ. ವೇಗದಲ್ಲಿ ಪಾಸು, ನೆನಪಿನಲ್ಲಿ ಪಾಸು, ಹುಟ್ಟಿದ ವರ್ಷದಲ್ಲಿ ಫೇಲು.

ಅಪ್ಪನಿಗೆ ವಿವರಿಸಿದೆ. “ಮೂವತ್ತೊಂದನೇ ತಾರೀಖು ಸಾಯಂಕಾಲದವರೆಗೆ ನನ್ನ ಕೈಲೂ ಪಾಠ ಮಾಡಿಸಿದ್ರು ಕಣೋ. ಒಂದನೇ ತಾರೀಖು ಹಾರ ಹಾಕಿದವರೇ ಬೇಡ ಅಂದ್ರು,” ಎಂದು ನಕ್ಕರು.

ಪಟ್ಟಿಯ ಕಣ್ತಪ್ಪಿಸಿ ಒಳನುಗ್ಗುವ ಉಪಾಯಗಳಿವೆ. ಆದರೆ ಹಾಗೆ ನುಗ್ಗಿದ ಯಂತ್ರಕ್ಕೆ ಅಪ್‌ಡೇಟಿನ ಖಾತರಿಯಿಲ್ಲ ಎಂದು ಕಂಪನಿಯೇ ಹೇಳಿದೆ. ಪಿಂಚಣಿ ಖಾತೆ ತೆರೆಯುವ ಯಂತ್ರದ ಮೇಲೆ ಆ ಪ್ರಯೋಗ ನನಗೆ ಬೇಡವೆನಿಸಿತು. ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ ಹಾಕಿ, ಇನ್‌ಸ್ಟಾಲ್ ಮಾಡದೆಯೇ ನಡೆಸಿ ನೋಡಿದೆ. ವೈಫೈ, ಧ್ವನಿ, ಪ್ರಿಂಟರ್ ಎಲ್ಲ ಸರಿಯಾಗಿದ್ದವು. ಅಪ್ಪನ ಬೆರಳಿಗೆ ರೂಢಿಯಾದ ಕೆಜಿಪಿ ಕೀಲಿ ವಿನ್ಯಾಸ ಅಲ್ಲೂ ಸಿಕ್ಕಿತು.

ಸಿಗದೇ ಹೋದದ್ದು ಅಕ್ಷರ. ಅಪ್ಪನ ಹಳೆಯ ಫೈಲ್ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ಕಲಸುಮೇಲೋಗರ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪ ಕೂರಿಸುತ್ತಿದ್ದವು. ಆ ಫಾಂಟ್ ಇದ್ದರಷ್ಟೇ ಅದು ಕನ್ನಡ. ಯೂನಿಕೋಡಿನಲ್ಲಾದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ, ಯಾವ ಯಂತ್ರದಲ್ಲೂ ‘ಕ’ ‘ಕ’ವೇ.

ಯಂತ್ರ ಹೊಸ ವ್ಯವಸ್ಥೆಯನ್ನು ತಡೆಯುತ್ತದೆಯೇ ಎಂದಷ್ಟೇ ಆ ತಂತ್ರಾಂಶ ನೋಡಿತು. ಅದರೊಳಗಿನ ಬರಹ ತಡೆಯುತ್ತದೆಯೇ ಎಂದು ನೋಡುವ ತಂತ್ರಾಂಶವಿಲ್ಲ. ಹೊಸ ಲ್ಯಾಪ್‌ಟಾಪ್ ತಂದಿದ್ದರೂ ಈ ತೊಡಕು ನಮ್ಮ ಹಿಂದೆಯೇ ಬರುತ್ತಿತ್ತು. ನಾಳೆ ಮೊಮ್ಮಕ್ಕಳು ತೆರೆದಾಗ ಅಜ್ಜನ ಊರು ಅವರಿಗೆ ಓದಲು ಬರುತ್ತಿರಲಿಲ್ಲ.

ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ದಿನಕ್ಕೊಂದು ಫೈಲ್ ಬದಲಿಸಿ ಕೊಡುತ್ತೇನೆ. ಅಪ್ಪ ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವಂತೆ, ಜಾಗ ತಪ್ಪಿದ ಅರ್ಕಾವೊತ್ತುಗಳನ್ನು ಸರಿಮಾಡುತ್ತಾರೆ. ಇನ್ನೂ ಹದಿನೇಳು ಬಾಕಿ ಇವೆ.